ಹೆಗ್ಗಣವೂ ಹಳಗನ್ನಡವೂ

ಹೈದರಾಬಾದಿನ ನಮ್ಮ ಓಣಿಯಲ್ಲಿ ಮೊನ್ನೆ ರಾತ್ರಿ ಮಗನೊಡನೆ ಮನೆಯ ಎರಡು ನಾಯಿಗಳನ್ನು ತಿರುಗಾಡಿಸುತ್ತಿದ್ದೆ. ಚರಂಡಿಯಿಂದ ಹೆಗ್ಗಣವೊಂದು ಮೈಗೂದಲು ನಿಮಿರಿಸಿ, ಗುರುಗುಟ್ಟುತ್ತ ಎದುರು ನಿಂತಿತು. ವೀರರಿಬ್ಬರೂ ನನ್ನ ಪಂಚೆಯ ಹಿಂದೆ ಅಡಗಿದರು!

“ಅಪ್ಪಾ, ಪಂದಿಕೊಕ್ಕು!” ಎಂದು ಮಗ ಚಪ್ಪಾಳೆ ತಟ್ಟಿದ. ಇವನಿಗೆ ಕನ್ನಡ ಮರೆತುಹೋಯಿತೇ ಎಂದು ನೊಂದೆ.

ಯೋಚಿಸಿದಾಗ ಸಮಾಧಾನವಾಯಿತು. ಆ ತೆಲುಗು ಮಾತಿನಲ್ಲಿ ‘ಪಂದಿ’ ಎಂದರೆ ಹಂದಿ. ಹಳಗನ್ನಡದಲ್ಲಿಯೂ ಅದು ‘ಪಂದಿ’ಯೇ, ‘ಪಾಲ್’ ಹಾಲಾದಂತೆ ಪಕಾರ ಹಕಾರವಾಯಿತು. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದೂ ಈ ಪಂದಿಕೊಕ್ಕಿನಿಂದಲೇ.

ವಾಚಕರೇ, ಮಕ್ಕಳು ನೆರೆಯ ಮಾತು ತಂದರೆ ಗದರಿಸಬೇಡಿ. ಅದರ ಪಕ್ಕದಲ್ಲಿ ನಮ್ಮ ಮಾತನ್ನೂ ಇಡಿ. ಮಗ ಈಗ ‘ಹೆಗ್ಗಣ’ವೆಂದೂ ಹೇಳುತ್ತಾನೆ. ನಾಯಿಗಳು ಮಾತ್ರ ಯಾವ ಭಾಷೆಯಲ್ಲಿ ಕರೆದರೂ ಚರಂಡಿಯ ಕಡೆ ಬರವು.