ಬೋಟಿನಲ್ಲಿ ವಾಕರಿಕೆ: ಸ್ಕೂಬಾಗೆ ಹೊರಡುವ ಮುನ್ನ

ರಜೆಯಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗುವ ಯೋಜನೆ ನಿಮ್ಮ ಮನೆಯಲ್ಲೂ ಇರಬಹುದು. ಬೋಟಿನ ಪ್ರಯಾಣವಾದ ಮೇಲೆ ದ್ವೀಪದ ಬಳಿ ಲಂಗರು ಹಾಕಿ, ನೀರಿಗಿಳಿಯಲು ಸರದಿ ಕಾಯಬೇಕು. ಬೋಟು ಓಡುವಾಗ ಚೆನ್ನಾಗಿದ್ದವರಿಗೂ ಅದು ನಿಂತು ಓಲಾಡುವಾಗ ವಾಕರಿಕೆ ಶುರುವಾಗುವುದುಂಟು.

ಕಾರಣವೇನು?

ಬೋಟು ಅಲುಗಾಡುತ್ತಿದೆಯೆಂದು ಒಳಕಿವಿ ಮೆದುಳಿಗೆ ತಿಳಿಸುತ್ತದೆ. ಮೊಬೈಲನ್ನೋ ಎದುರಿನ ಬೆಂಚನ್ನೋ ನೋಡುತ್ತಿರುವ ಕಣ್ಣು ಮಾತ್ರ ಎಲ್ಲವೂ ನಿಂತಿದೆ ಎನ್ನುತ್ತದೆ. ಎರಡೂ ತಾಳೆಯಾಗದಿದ್ದಾಗ ಆಕಳಿಕೆ, ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು, ಕೊನೆಗೆ ವಾಂತಿ. ಇದು ಹೊಟ್ಟೆಯ ರೋಗವಲ್ಲ, ಪುಕ್ಕಲುತನವೂ ಅಲ್ಲ.

ಹೊರಡುವ ಮುನ್ನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆ ಮಾಡಿ. ಬೆಳಿಗ್ಗೆ ಹೊಟ್ಟೆ ಖಾಲಿಯೂ ಇರಬಾರದು, ಭಾರವೂ ಆಗಬಾರದು. ಕರಿದ ತಿಂಡಿ, ಮಸಾಲೆ ಬಿಟ್ಟು ಎರಡು ಇಡ್ಲಿ ಅಥವಾ ಬಾಳೆಹಣ್ಣು ತಿನ್ನಿ. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ.

ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬೋಟು ಹತ್ತುವ ಸುಮಾರು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಆದರೆ ಇಂಥ ಹಲವು ಮಾತ್ರೆಗಳು ಮಂಪರು ತರುತ್ತವೆ. ನೀರಿನಡಿಯಲ್ಲಿ ಮಂಪರು ಅಪಾಯಕಾರಿ. ಡೈವಿಂಗ್‌ಗೆ ಹೋಗುತ್ತಿರುವುದನ್ನು ವೈದ್ಯರಿಗೆ ತಿಳಿಸಿಯೇ ಮಾತ್ರೆ ಪಡೆಯಿರಿ. ಬೇರೊಂದು ದಿನ ಮನೆಯಲ್ಲಿ ತೆಗೆದುಕೊಂಡು ನೋಡಿ. ಮಕ್ಕಳಿಗೆ ನೀವೇ ಅಳತೆ ನಿರ್ಧರಿಸಬೇಡಿ. ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು.

ಬೋಟಿನಲ್ಲಿ

ಬೋಟಿನ ನಡುಭಾಗದಲ್ಲಿ ಕುಳಿತುಕೊಳ್ಳಿ. ಅಲ್ಲಿ ಕುಲುಕಾಟ ಕಡಿಮೆ. ಡೀಸೆಲ್ ಹೊಗೆಯಿಂದ ದೂರವಿರಿ. ಆಕಾಶ ಕಡಲಿಗೆ ತಾಗುವ ಗೆರೆಯ ಮೇಲೆ ಕಣ್ಣಿಡಿ. ಮೊಬೈಲ್ ಚೀಲದಲ್ಲಿರಲಿ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ವಾಂತಿ ಬಂದರೆ ತಡೆಯಬೇಡಿ, ನಾಚಬೇಡಿ. ಬೋಟಿನ ಅಂಚಿಗೆ ಒಬ್ಬರೇ ಬಾಗದೆ ಚೀಲ ಬಳಸಿ. ಬಳಿಕ ಬಾಯಿ ಮುಕ್ಕಳಿಸಿ, ಸ್ವಲ್ಪ ಸ್ವಲ್ಪವೇ ಓಆರ್‌ಎಸ್ ಕುಡಿಯಿರಿ.

ನೀರಿಗಿಳಿಯಬಹುದೇ?

ಅಲೆಯ ಕುಲುಕಾಟ ನೀರಿನ ಕೆಳಗೆ ಕಡಿಮೆಯಾಗುವುದರಿಂದ ಸಣ್ಣ ವಾಕರಿಕೆ ಅಲ್ಲಿ ಇಳಿಯಬಹುದು. ಹಾಗೆಂದು ಸುಮ್ಮನಿರಬೇಡಿ, ಇಳಿಯುವ ಮೊದಲು ತರಬೇತುದಾರರಿಗೆ ತಿಳಿಸಿ. ಕೆಳಗೆ ಹೋದ ಮೇಲೆ ವಾಂತಿ ಬಂದರೆ ಬಾಯಲ್ಲಿರುವ ರೆಗ್ಯುಲೇಟರನ್ನು ಕೀಳಬಾರದು. ಅದನ್ನು ಕಚ್ಚಿಹಿಡಿದೇ ವಾಂತಿ ಮಾಡಬೇಕು. ಕಿತ್ತರೆ ಮುಂದಿನ ಉಸಿರಿಗೆ ನೀರು ಒಳಸೇರುತ್ತದೆ. ಹೀಗಾದರೆ ಯಾವ ಸನ್ನೆ ಮಾಡಬೇಕು, ಏನು ಮಾಡಬೇಕು ಎಂಬುದನ್ನು ಬೋಟಿನಲ್ಲಿರುವಾಗಲೇ ಕೇಳಿಕೊಳ್ಳಿ.

ಮತ್ತೆ ಮತ್ತೆ ವಾಂತಿಯಾಗಿ ಸುಸ್ತಾದವರು ಅಂದು ನೀರಿಗಿಳಿಯಲೇಬಾರದು. ಕೊಟ್ಟ ಹಣ ಹೋಗುತ್ತದೆಂದೋ ಗೆಳೆಯರು ನಗುತ್ತಾರೆಂದೋ ಹುಡುಗರು ತಮ್ಮ ಅಸ್ವಸ್ಥತೆಯನ್ನು ಮುಚ್ಚಿಡುವುದುಂಟು. "ಬೇಡವೆನಿಸಿದರೆ ವಾಪಸ್ ಬಾ, ಯಾರೂ ಬೈಯುವುದಿಲ್ಲ" ಎಂದು ಮನೆಯಿಂದ ಹೊರಡುವಾಗಲೇ ಅವರಿಗೆ ಹೇಳಿಬಿಡಿ. ಹೋದ ಹಣವನ್ನು ಮತ್ತೆ ಸಂಪಾದಿಸಬಹುದು.