ಓಸಿಟಿ ಯಂತ್ರದ ಮುಂದೆ ಕೂತು ಕಲಿತದ್ದು

1. ಮೊದಲು ಕಣ್ಣು ಒದ್ದೆಯಾಗಿರಲಿ. ಓಸಿಟಿ ಎಂದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ವಿಧಾನ. ಸುಮಾರು 840 ನ್ಯಾನೋಮೀಟರಿನ ಅವಗೆಂಪು ಬೆಳಕು ರೆಟಿನಾದವರೆಗೆ ಹೋಗಿ ವಾಪಸ್ ಬಂದರಷ್ಟೇ ಚಿತ್ರ. ಕಣ್ಣು ಒಣಗಿದ್ದರೆ ಎಲ್ಲ ಮಸುಕು. "ಅಜ್ಜಿ, ಎರಡು ಸಲ ರೆಪ್ಪೆ ಬಡೀರಿ, ಈಗ ಆ ಗುರುತನ್ನೇ ನೋಡ್ತಾ ಇರಿ" ಅಂದರೆ ಎಷ್ಟೋ ಸಲ ಪದರಗಳು ಎದ್ದು ಕಾಣುತ್ತವೆ. ಪೊರೆ ಬಲಿತಿದ್ದರೆ, ಒಳಗೆ ರಕ್ತ ಸೋರಿದ್ದರೆ ಹಟ ಮಾಡಿ ಪ್ರಯೋಜನವಿಲ್ಲ; ಅಲ್ಟ್ರಾಸೌಂಡ್ ಮಾಡಿ.

2. ಬಣ್ಣದ ನಕ್ಷೆ ನೋಡಿ ತೀರ್ಮಾನಕ್ಕೆ ಬರಬೇಡಿ. ಕೆಂಪು ಕಂಡ ಕೂಡಲೇ ಗ್ಲಾಕೋಮಾ ಎಂದು ಹೆದರಿಕೊಂಡು ಬರುವವರಲ್ಲಿ ಮೈನಸ್ ಎಂಟು, ಹತ್ತು ಪವರಿನ ಹುಡುಗರೇ ಹೆಚ್ಚು. ಯಂತ್ರ ಅವರನ್ನು ಹೋಲಿಸಿದ್ದು ಅಷ್ಟು ಉದ್ದದ ಕಣ್ಣಿಲ್ಲದವರ ಜೊತೆ. ದಪ್ಪದ ಅಂಕಿಯೂ ಅಷ್ಟೇ. ರೆಟಿನಾದ ಮೇಲೊಂದು, ಕೆಳಗೊಂದು ಗೆರೆಯನ್ನು ಸಾಫ್ಟ್‌ವೇರ್ ತಾನೇ ಎಳೆದು ನಡುವಿನ ಅಂತರ ಅಳೆಯುತ್ತದೆ. ಊತ ಜಾಸ್ತಿಯಿರುವ ಕಣ್ಣಲ್ಲಿ ಆ ಗೆರೆ ಜಾರುವುದು ಮಾಮೂಲು. ಗೆರೆ ಜಾರಿದ ಮೇಲೆ ಅಂಕಿಗೇನು ಬೆಲೆ? ಒಂದೊಂದೇ ಅಡ್ಡಸೀಳಿನ ಚಿತ್ರ ತೆರೆದು ನೋಡಿ. ಎರಡು ನಿಮಿಷದ ಕೆಲಸ, ಅದನ್ನೇ ಯಾರೂ ಮಾಡುವುದಿಲ್ಲ.

3. ಚಿತ್ರದಲ್ಲಿನ ಕಪ್ಪೆಲ್ಲ ನೀರಲ್ಲ. 1991ರಲ್ಲಿ ಎಂಐಟಿಯ ಫುಜಿಮೊಟೊ, ಹುವಾಂಗ್ ಮತ್ತಿತರರು ಪ್ರಕಟಿಸಿದ ಓಸಿಟಿ ವಿಧಾನದಲ್ಲಿ ಮರಳಿ ಬಂದ ಬೆಳಕನ್ನು ಇನ್ನೊಂದು ಕಿರಣದೊಂದಿಗೆ ಬೆರೆಸಿ ಆಳ ಕಂಡುಹಿಡಿಯುತ್ತಾರೆ. ಬೆಳಕು ಬಾರದ ಜಾಗ ಕಪ್ಪು. ಸಕ್ಕರೆ ಕಾಯಿಲೆಯ ಕಣ್ಣಲ್ಲಿ ಸೋರಿದ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ, ಅದರಡಿ ನೇರ ಕೆಳಗಿಳಿಯುವ ಕಪ್ಪು ಪಟ್ಟಿ ಬರೀ ನೆರಳು. ನೀರಿನ ಗುಳ್ಳೆಗೆ ಅಂಚಿರುತ್ತದೆ.

4. ಊತ ಇಳಿಸಲು ಕಣ್ಣಿಗೆ ಕೊಟ್ಟ ಇಂಜೆಕ್ಷನ್ ಆದ ಮೇಲಿನ ಸ್ಕ್ಯಾನ್ ಹಳೆಯ ಯಂತ್ರದಲ್ಲೇ, ಹಳೆಯ ಜಾಗದಲ್ಲೇ ಆಗಲಿ. ರೆಟಿನಾದ ಕೆಳಗಿನ ಗೆರೆಯನ್ನು ಒಂದೊಂದು ಕಂಪನಿ ಒಂದೊಂದು ಪದರಕ್ಕೆ ಎಳೆಯುತ್ತದೆ. ಊತ ಬದಲಾಗದಿದ್ದರೂ ಹತ್ತಾರು ಮೈಕ್ರಾನ್ ವ್ಯತ್ಯಾಸ ಬರುತ್ತದೆ.

5. ಪ್ರಿಂಟ್ ಕೈಗೆ ಕೊಡುವ ಮುಂಚೆಯೇ ರೆಟಿನಾದ ನಡುವಿನ ತಗ್ಗಿನ ಬಗ್ಗೆ ಹೇಳಿಬಿಡಿ. "ಕಣ್ಣಲ್ಲಿ ಗುಂಡಿ ಬಿದ್ದಿದೆಯಾ ಡಾಕ್ಟ್ರೇ?" ಎಂದು ರೋಗಿಗಳು ಗಾಬರಿಯಾಗುತ್ತಾರೆ. ಆ ತಗ್ಗು ಎಲ್ಲರಿಗೂ ಇರಬೇಕಾದದ್ದೇ. ಚಿತ್ರವನ್ನು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಹಿಗ್ಗಿಸಿ ತೋರಿಸುವುದರಿಂದ ಆಳ ಹೆಚ್ಚು ಅನ್ನಿಸುತ್ತದೆ. ನಾವು ಚಿಂತೆ ಮಾಡುವುದು ಊತ ಬಂದು ಅದು ಮುಚ್ಚಿಹೋದಾಗ.