ಪೆಡಲ್ ಮೆತ್ತಗಿದ್ದರೆ ಲೋಡ್ ಹತ್ತಿಸಬೇಡಿ

ವೀಲ್ ಸಿಲಿಂಡರ್ ಹೊಸದು, ಲೈನರ್ ಹೊಸದು, ಗ್ಯಾರೇಜಿನ ದುಡ್ಡೂ ಕೊಟ್ಟಾಯ್ತು. ಆದರೂ ಹಳೇ ಟಾಟಾ 407ರ ಬ್ರೇಕ್ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ. 'ಎರಡು ಪಂಪ್ ಹೊಡಿ, ಹಿಡಿಯುತ್ತೆ' ಎಂಬ ಮಾತು ನಂಬಿ ಬಂಗಾರಪೇಟೆಯಲ್ಲಿ ಟೊಮೆಟೊ ತುಂಬಿ ಹೊರಟರೆ ಕೆಜಿಎಫ್‌ವರೆಗೆ ಏನೂ ಆಗದಿರಬಹುದು. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವಾಗ ಎರಡನೇ ಪಂಪಿಗೆ ಪುರುಸೊತ್ತು ಎಲ್ಲಿ?

1. ಸ್ಪ್ಯಾನರ್ ಮುಟ್ಟುವ ಮುಂಚೆ ಕಾಲಲ್ಲೇ ನೋಡಿ. ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂದು ಗಟ್ಟಿ ನಿಂತರೆ ಶೂ–ಡ್ರಮ್ ನಡುವಿನ ಗ್ಯಾಪ್ ಜಾಸ್ತಿ. ಮೇಲೆ ಬಂದರೂ ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದಾಗ ನಿಧಾನ ಇಳಿಯುತ್ತಾ ಹೋದರೆ ಎಲ್ಲೋ ಲೀಕ್, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಇಂಜಿನ್ ಸ್ಟಾರ್ಟ್ ಆದಾಗ ಪೆಡಲ್ ಚೂರು ಇಳಿಯುವುದು ಬೂಸ್ಟರ್ ಕೆಲಸ, ಅದಕ್ಕೆ ಗಾಬರಿ ಬೇಡ.

2. ಶೂ ಅಡ್ಜಸ್ಟ್ ಮೊದಲು. ಚಕ್ರ ಎತ್ತಿ, ಲಾಕ್ ಆಗುವವರೆಗೆ ಅಡ್ಜಸ್ಟರ್ ಬಿಗಿ ಮಾಡಿ, ಸಲೀಸಾಗಿ ತಿರುಗುವಷ್ಟು ಸಡಿಲಿಸಿ.

3. ಆಮೇಲೆ ಏರ್ ತೆಗೆಯಿರಿ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು: ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಮೇಲೆ ಕ್ಯಾಬಿನ್ನಿನಲ್ಲಿ ಕೂತವನು ಪೆಡಲ್ ಒತ್ತಿ 'ಹಿಡಿದೆ' ಅಂದಮೇಲೆ ನಿಪ್ಪಲ್ ಬಿಚ್ಚಿ. ಅವನು ಕಾಲು ಎತ್ತುವ ಮುಂಚೆ ಮುಚ್ಚಿ. ಈ ಕ್ಷಣ ತಪ್ಪಿದರೆ ತೆಗೆದ ಗಾಳಿ ವಾಪಸ್ ಒಳಗೆ. ಪಟಪಟ ಪಂಪ್ ಹೊಡೆದರೆ ಗುಳ್ಳೆ ನೊರೆಯಾಗುತ್ತದೆ, ನಿಧಾನ ಒತ್ತಿ. ಹಳೇ ಮಾಸ್ಟರ್ ಸಿಲಿಂಡರ್ ಆದರೆ ಪೆಡಲ್ ಕೆಳಗೊಂದು ಮರದ ತುಂಡು ಇಡಿ. ಪೂರ್ತಿ ಒತ್ತಿದರೆ ಒಳಗಿನ ತುಕ್ಕಿಗೆ ರಬ್ಬರ್ ಉಜ್ಜಿ ಹರಿಯುತ್ತದೆ.

4. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನ ಡಬ್ಬಿಯ ಆಯಿಲ್ ಮೇಲೆ ಕಣ್ಣಿರಲಿ. ಅದು ಖಾಲಿಯಾದರೆ ಮೊದಲಿಂದ ಶುರು.

5. ಆಯಿಲ್ ಸೀಲ್ ಡಬ್ಬದ್ದೇ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಘಾಟಿಯಲ್ಲಿ ಡ್ರಮ್ ಕಾದಾಗ ಆಯಿಲ್ ಕುದ್ದು ಆವಿಯಾದರೆ ಪೆಡಲ್ ಮತ್ತೆ ಮೆತ್ತಗೆ. ಕೆಜಿಎಫ್‌ನಲ್ಲಿ ಗಾಳಿ ಬೀಸಿದರೆ ಹಳೇ ಗಣಿಯ ಸೈನೈಡ್ ಗುಡ್ಡದ ಪುಡಿ ಗ್ಯಾರೇಜಿನ ಒಳಕ್ಕೂ ಬರುತ್ತದೆ, ಮುಚ್ಚಳ ತೆರೆದಿಡಬೇಡಿ. ರಬ್ಬರ್ ಸಾಮಾನು ಡೀಸೆಲ್‌ನಲ್ಲಿ ತೊಳೆಯುವ ಚಾಳಿಯಂತೂ ಬಿಟ್ಟೇಬಿಡಿ, ಉಬ್ಬಿ ಹಾಳಾಗುತ್ತದೆ.

6. ಇಷ್ಟಾದರೂ ಮೆತ್ತಗೇ ಇದೆಯೇ? ಹೊಸ ವೀಲ್ ಸಿಲಿಂಡರಿನ ನಿಪ್ಪಲ್ ಮೇಲಕ್ಕಿದೆಯೇ ನೋಡಿ, ಕೆಳಗಿದ್ದರೆ ಗಾಳಿ ಹೊರಬರದು. ಪೆಡಲ್ ಒತ್ತಿಸಿ ಹೋಸ್ ಕೈಯಲ್ಲಿ ಹಿಡಿಯಿರಿ, ಉಬ್ಬಿದರೆ ಬದಲಿಸಿ. ಡ್ರಮ್ ಬಿಚ್ಚಿ ಲೈನರ್ ಗುರುತು ನೋಡಿ: ನಡುವೆ ಮಾತ್ರ ತಾಗಿದ್ದರೆ ಡ್ರಮ್ಮಿಗೂ ಲೈನರಿಗೂ ಹೊಂದಿಲ್ಲ.

7. ಏರ್ ಬ್ರೇಕಿನ ದೊಡ್ಡ ಲಾರಿಗೆ ಈ ಪಟ್ಟಿ ನಡೆಯದು.

8. ಕೊನೆಯ ಪರೀಕ್ಷೆ: ಇಂಜಿನ್ ಓಡುತ್ತಿರುವಾಗ ಪೆಡಲ್ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಲು ಹೇಳಿ, ನಾಲ್ಕೂ ಚಕ್ರದ ಒಳಬದಿ ಟಾರ್ಚ್ ಬಿಟ್ಟು ನೋಡಿ. ಒದ್ದೆ ಇಲ್ಲವೇ? ಖಾಲಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ ಬಂದು, ಡಬ್ಬಿಯ ಮಟ್ಟ ಇನ್ನೊಮ್ಮೆ ನೋಡಿದ ಮೇಲೆ ಲೋಡಿಗೆ ಹೋಗಿ.